ನಾಣ್ಯದ ಬೆಲೆಪಟ್ಟಿಯನ್ನು ಎಷ್ಟು ನಂಬಬಹುದು? ಹೇಗೆ ಓದಬೇಕು?

ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ನನಗೆ ಒಂದೇ ತರದ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಕಳಶದಿಂದ ಅಜ್ಜಿ ಕಾಲದ ಬೆಳ್ಳಿ ರೂಪಾಯಿ ತೆಗೆದಿರುತ್ತಾರೆ. ಮನೆಯಲ್ಲಿ ಯಾರೋ ಫೋಟೊ ಹೊಡೆದು ಮೊಬೈಲಿನಲ್ಲಿ ಹುಡುಕಿರುತ್ತಾರೆ. ಒಂದು ಕಡೆ 2,000 ಅಂತ ಇರುತ್ತದೆ, ಇನ್ನೊಂದು ಕಡೆ 20,000, ಮತ್ತೊಂದು ಕಡೆ 2 ಲಕ್ಷ. "ಸಾರ್, ಇದರಲ್ಲಿ ಯಾವುದು ನಿಜ? ಪುಸ್ತಕದಲ್ಲಿರೋ ರೇಟ್ ನಂಬಬಹುದಾ?"

ಅರ್ಧ ನಂಬಬಹುದು. ಯಾವ ಇಸವಿಯ ನಾಣ್ಯ ಯಾವುದಕ್ಕಿಂತ ದುಬಾರಿ, ಯಾವ ಟಂಕಸಾಲೆಯದ್ದು ಅಪರೂಪ ಅನ್ನೋ ವಿಷಯದಲ್ಲಿ ಒಳ್ಳೆಯ ಪಟ್ಟಿ ಅಪರೂಪಕ್ಕೆ ತಪ್ಪುತ್ತದೆ. ಆದರೆ ನಿಮ್ಮ ಕೈಯಲ್ಲಿರುವ ಆ ಒಂದು ನಾಣ್ಯಕ್ಕೆ ಈ ವಾರ ಬೆಂಗಳೂರಿನಲ್ಲಿ ಎಷ್ಟು ಸಿಗುತ್ತದೆ ಅಂತ ಯಾವ ಪಟ್ಟಿಯೂ ಹೇಳಲಾರದು. ಆ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು. ಕಷ್ಟವೇನಿಲ್ಲ, ಆದರೆ ಒಂದಾದ ಮೇಲೊಂದು ಮಾಡಬೇಕು. ಎಲ್ಲರೂ ಎಡವೋದು ಬೆಲೆಯ ಕಾಲಂಗೆ ಮೊದಲೇ ಹಾರುವುದರಿಂದ.

ಬೇಕಾಗುವ ಸಾಮಾನು ಕಡಿಮೆ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಮ್ಯಾಗ್ನೆಟ್, ಒಂದು ನೋಟ್‌ಬುಕ್. ತಕ್ಕಡಿ ಮತ್ತು ಗಾಜು ನಗರ್ತಪೇಟೆ, ಅವೆನ್ಯೂ ರಸ್ತೆ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯಲ್ಲಿರುವ ಅಡುಗೆ ತಕ್ಕಡಿ ಈ ಕೆಲಸಕ್ಕೆ ಬೇಡ. ಅದಕ್ಕೆ 11 ಗ್ರಾಂಗೂ 12 ಗ್ರಾಂಗೂ ನಡುವೆ ಏನಿದೆ ಅಂತ ಗೊತ್ತಾಗಲ್ಲ.

1. ಬೆಲೆ ನೋಡುವ ಮುಂಚೆ ನಾಣ್ಯ ಯಾವುದು ಅಂತ ಖಚಿತ ಮಾಡಿಕೊಳ್ಳಿ

"ಐದನೇ ಜಾರ್ಜ್ ರೂಪಾಯಿ" ಅಂದರೆ ಅದು ಒಂದು ನಾಣ್ಯವಲ್ಲ, ಒಂದು ದೊಡ್ಡ ಸಂಸಾರ. ರಾಜ, ಇಸವಿ, ಟಂಕಸಾಲೆ, ಮುಖದ ವಿನ್ಯಾಸ, ಈ ನಾಲ್ಕೂ ಕೂಡಿದರೆ ಮಾತ್ರ ಪಟ್ಟಿಯಲ್ಲಿ ಒಂದು ಸಾಲು ಸಿಗುತ್ತದೆ. ಒಂದು ಸಾಲು ಆಚೀಚೆ ಆದರೆ ಬೆಲೆ ಹತ್ತು ಪಟ್ಟು ಆಚೀಚೆ ಆಗಬಹುದು.

ಟಂಕಸಾಲೆ ಗುರುತು ಅಂದರೆ ನಾಣ್ಯ ಎಲ್ಲಿ ಅಚ್ಚಾಯಿತು ಅಂತ ಹೇಳುವ ಸಣ್ಣ ಚಿಹ್ನೆ. ಸಂಗ್ರಾಹಕರು ಇದಕ್ಕೆ ಮಿಂಟ್ ಮಾರ್ಕ್ ಅಂತಲೇ ಹೇಳೋದು. ಐದನೇ ಜಾರ್ಜ್ ರೂಪಾಯಿಯ ಹಿಂಭಾಗದ ಬಳ್ಳಿಯಲ್ಲಿ ಕೆಳಗಡೆ ಒಂದು ಕಮಲ ಇದೆ. ಅದರ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕೆ ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತಾ. ಸ್ವಾತಂತ್ರ್ಯದ ನಂತರದ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಿ. ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನೋಯ್ಡಾ ಟಂಕಸಾಲೆ ಶುರುವಾದದ್ದೇ 1988ರಲ್ಲಿ. ಅದಕ್ಕೂ ಹಿಂದಿನ ನಾಣ್ಯಕ್ಕೆ ಯಾರಾದರೂ "ನೋಯ್ಡಾ ರೇರ್" ಅಂದರೆ ನಕ್ಕು ಸುಮ್ಮನಾಗಿ.

ಎಡವುವ ಜಾಗ: ಕಮಲದ ಅಡಿಯಲ್ಲಿ ಕುಂಕುಮ, ಎಣ್ಣೆಜಿಡ್ಡು ಸೇರಿಕೊಂಡು ಚುಕ್ಕೆ ಕಾಣದೇ ಹೋಗುತ್ತದೆ. ಕಾಣಲಿಲ್ಲ ಅಂತ ಕಲ್ಕತ್ತಾ ಅಂದುಕೊಳ್ಳಬೇಡಿ. ಬೆಳಕನ್ನು ಪಕ್ಕದಿಂದ ಬಿಟ್ಟು, ನಾಣ್ಯವನ್ನು ಓರೆ ಮಾಡಿ ನೋಡಿ.

ಇನ್ನೊಂದು ಎಡವಟ್ಟು ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯದ್ದು. ಅದರ ಮೇಲೆ ಇಸವಿ 1862 ಅಂತಲೇ ಇದ್ದರೂ, ಆಮೇಲಿನ ಎಷ್ಟೋ ವರ್ಷ ಅದೇ ಇಸವಿ ಇಟ್ಟುಕೊಂಡು ಅಚ್ಚು ಹೊಡೆದರು. ಬೊಂಬಾಯಿಯವರು ವರ್ಷ ತಿಳಿಯಲಿ ಅಂತ ಸಣ್ಣ ಚುಕ್ಕೆಗಳನ್ನು ಸೇರಿಸುತ್ತಾ ಹೋದರು. ಹಾಗಾಗಿ ಚುಕ್ಕೆ ಎಣಿಸದೆ 1862ರ ರೂಪಾಯಿಗೆ ಬೆಲೆ ಹೇಳೋದು, ಮನೆ ನಂಬರ್ ಇಲ್ಲದೆ ಜಯನಗರದಲ್ಲಿ ಮನೆ ಹುಡುಕಿದ ಹಾಗೆ.

2. ತೂಕ ಹಾಕಿ, ತಳಬೆಲೆ ಬರೆದಿಟ್ಟುಕೊಳ್ಳಿ

ತಳಬೆಲೆ ಅಂದರೆ ನಾಣ್ಯದೊಳಗಿನ ಲೋಹಕ್ಕೆ ಇವತ್ತು ಎಷ್ಟು ಸಿಗುತ್ತದೆ ಅನ್ನೋ ಅಂಕಿ. ಇದೊಂದೇ ಅಂಕಿ ಯಾವ ಪಟ್ಟಿಯ ಹಂಗೂ ಇಲ್ಲದೆ ನಿಮಗೆ ಸಿಗೋದು. ಅದಕ್ಕೇ ಇದು ಮೊದಲು.

1835ರಿಂದ 1939ರವರೆಗಿನ ಬ್ರಿಟಿಷ್ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ನೂರಕ್ಕೆ 91.7 ಭಾಗ, ಹಾಗಾಗಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂದುಕೊಳ್ಳಿ. ತಳಬೆಲೆ 1,069 ಆಯಿತು. ನೀವು ಓದುವ ದಿನದ ಬೆಳ್ಳಿ ರೇಟು ಪತ್ರಿಕೆಯಲ್ಲಿ ನೋಡಿ ಅಲ್ಲಿ ಹಾಕಿ.

1940ರಲ್ಲಿ ಯುದ್ಧದ ಕಾರಣಕ್ಕೆ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತೂಕ ಅದೇ 11.66, ಒಳಗೆ ಬೆಳ್ಳಿ 5.83 ಗ್ರಾಂ ಮಾತ್ರ. ಅದೇ ರೇಟಿನಲ್ಲಿ ತಳಬೆಲೆ 583. ನೋಡಲು ಎರಡೂ ಒಂದೇ ತರ ಬೆಳ್ಳಗಿರುತ್ತವೆ. ಮನೆಯವರು ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ "ಬೆಳ್ಳಿ ರೂಪಾಯಿ" ಅಂತ ಇಟ್ಟಿರುತ್ತಾರೆ. ಬೇರೆ ಮಾಡಿ.

1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್. ಹಿಂಭಾಗದಲ್ಲಿ ಹುಲಿ ಇರುವ ನಾಣ್ಯ. ಮ್ಯಾಗ್ನೆಟ್ ಹಿಡಿದರೆ ಪಟ್ ಅಂತ ಅಂಟಿಕೊಳ್ಳುತ್ತದೆ. ಅದನ್ನು ನೋಡಿ "ಅಯ್ಯೋ ಕಬ್ಬಿಣ, ನಕಲಿ" ಅಂತ ಎಸೆದವರಿದ್ದಾರೆ. ನಿಕಲ್ ಅಂಟೋದು ಸರಿಯೇ. ಆದರೆ 1919ರ ರೂಪಾಯಿ ಅಂಟಿದರೆ ಮಾತ್ರ ಅಲ್ಲಿಗೆ ಕಥೆ ಮುಗೀತು, ಅದು ನಕಲಿ.

ತೂಕ 11.66ಕ್ಕೆ ಬದಲು 11.4 ಬಂದರೆ ಗಾಬರಿ ಬೇಡ, ಸವೆದಿರಬಹುದು. ಹೊಳೆಯುವ ಹೊಸದರಂತಿದ್ದು 10.5 ಬಂದರೆ ಮಾತ್ರ ಗಾಬರಿಯಾಗಿ. ಸವೆಯದ ನಾಣ್ಯದ ತೂಕ ಎಲ್ಲಿ ಹೋಯಿತು?

3. ಗ್ರೇಡ್ ಕಟ್ಟಿ, ಅದೂ ಬೇರೆಯವರ ಕಣ್ಣಿನಲ್ಲಿ

ಗ್ರೇಡ್ ಅಂದರೆ ನಾಣ್ಯ ಎಷ್ಟು ಸವೆದಿದೆ ಅನ್ನೋದರ ಅಳತೆ. ಪಟ್ಟಿಗಳಲ್ಲಿ ಕಾಲಂ ಮೇಲೆ ಎಫ್, ವಿಎಫ್, ಎಕ್ಸ್ಎಫ್, ಯುಎನ್‌ಸಿ ಅಂತ ಇರುತ್ತದೆ. ಎಫ್ ಅಂದರೆ ಚೆನ್ನಾಗಿ ಓಡಾಡಿದ್ದು, ಆದರೆ ಅಕ್ಷರ ಎಲ್ಲ ಓದಬಹುದು. ವಿಎಫ್ ಅಂದರೆ ಸವೆತ ಇದೆ, ಒಳಗಿನ ನಯವಾದ ಗೆರೆಗಳಲ್ಲಿ ಬಹಳಷ್ಟು ಉಳಿದಿವೆ. ಎಕ್ಸ್ಎಫ್ ಅಂದರೆ ಎತ್ತರದ ಜಾಗಗಳಲ್ಲಿ ಮಾತ್ರ ಸ್ವಲ್ಪ ಸವೆತ. ಯುಎನ್‌ಸಿ ಅಂದರೆ ಯಾರ ಜೇಬಿಗೂ ಹೋಗದೆ ಉಳಿದದ್ದು. ಇದಲ್ಲದೆ ಪ್ರೂಫ್ ಅಂತ ಒಂದಿದೆ. ಅದು ಸವೆತದ ಮೆಟ್ಟಿಲಲ್ಲ, ಸಂಗ್ರಾಹಕರಿಗಾಗಿಯೇ ಕನ್ನಡಿಯಂತೆ ಅಚ್ಚು ಹೊಡೆದ ನಾಣ್ಯ.

ಪಟ್ಟಿಯಲ್ಲಿ ಈ ಕಾಲಂಗಳ ನಡುವೆ ಬೆಲೆ ಮೆಟ್ಟಿಲು ಹತ್ತೋದಿಲ್ಲ, ನೆಗೆಯುತ್ತದೆ. ಸಾಮಾನ್ಯ ಇಸವಿಯ ರೂಪಾಯಿಗೆ ಎಫ್‌ನಲ್ಲೂ ವಿಎಫ್‌ನಲ್ಲೂ ತಳಬೆಲೆಯ ಆಸುಪಾಸು ಇರುತ್ತದೆ. ಯುಎನ್‌ಸಿ ಕಾಲಂಗೆ ಬಂದಾಗ ಹಲವು ಪಟ್ಟು. ನಾವೆಲ್ಲ ಮಾಡೋ ತಪ್ಪು ಏನು ಗೊತ್ತಾ? ನಮ್ಮ ಮನೆಯ ನಾಣ್ಯಕ್ಕೆ ಯುಎನ್‌ಸಿ ಕಾಲಂ ಬೆಲೆ ಓದೋದು, ಬೇರೆಯವರದ್ದನ್ನು ಕೊಳ್ಳುವಾಗ ಎಫ್ ಕಾಲಂ ಓದೋದು.

ಕೈಯಲ್ಲಿ ಹಿಡಿದು ಹೀಗೆ ನೋಡಿ. ಎಲ್ಲಕ್ಕಿಂತ ಎತ್ತರವಾಗಿ ಉಬ್ಬಿರುವ ಜಾಗ ಮೊದಲು ಸವೆಯುತ್ತದೆ. ವಿಕ್ಟೋರಿಯಾ ಆದರೆ ಕಿವಿಯ ಹತ್ತಿರದ ಕೂದಲ ಎಳೆ, ಕಿರೀಟದ ಅಂಚು. ಜಾರ್ಜ್ ಆದರೆ ಹುಬ್ಬು, ಮೀಸೆ, ಕೊರಳ ಹಾರದ ಆನೆಗಳು. ಗಾಜು ಹಿಡಿದು ಆ ಜಾಗಗಳನ್ನು ಮಾತ್ರ ನೋಡಿ. ಅಲ್ಲಿ ಗೆರೆಗಳು ಕರಗಿ ನುಣ್ಣಗಾಗಿದ್ದರೆ, ಉಳಿದ ಕಡೆ ಎಷ್ಟೇ ಚೆನ್ನಾಗಿದ್ದರೂ ಒಂದು ಗ್ರೇಡ್ ಕೆಳಗಿಳಿಸಿ. ಅನುಮಾನ ಬಂದರೂ ಇಳಿಸಿ. ಅಂಗಡಿಯವರು ಹೇಗೂ ಇಳಿಸುತ್ತಾರೆ, ನೀವೇ ಇಳಿಸಿಕೊಂಡು ಹೋದರೆ ಬೇಜಾರು ಕಡಿಮೆ.

ಹೊರದೇಶದ ಪಟ್ಟಿಗಳಲ್ಲಿ 1ರಿಂದ 70ರವರೆಗೆ ಅಂಕ ಕೊಡುತ್ತಾರೆ. ಅದಕ್ಕೆ ಶೆಲ್ಡನ್ ಅಳತೆ ಅಂತ ಹೆಸರು. 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ವಿಲಿಯಂ ಶೆಲ್ಡನ್ ಮಾಡಿದ್ದು. ಮಜಾ ಏನೆಂದರೆ ಅದು ಹುಟ್ಟಿದ್ದೇ ಬೆಲೆಪಟ್ಟಿಯಾಗಿ. 1 ಅಂಕದ ನಾಣ್ಯಕ್ಕೆ ಒಂದು ಡಾಲರ್ ಅಂದರೆ 70 ಅಂಕದ್ದಕ್ಕೆ 70 ಡಾಲರ್ ಅನ್ನೋ ಲೆಕ್ಕ. ಮಾರುಕಟ್ಟೆ ಆ ಲೆಕ್ಕವನ್ನು ಎಂದೋ ಮುರಿದು ಹಾಕಿತು, ಅಂಕ ಮಾತ್ರ ಉಳೀತು. ಈಗ 64ಕ್ಕೂ 66ಕ್ಕೂ ನಡುವೆ ಎರಡಲ್ಲ, ಇಪ್ಪತ್ತು ಪಟ್ಟು ವ್ಯತ್ಯಾಸ ಇರುವ ನಾಣ್ಯಗಳೂ ಇವೆ.

ಇನ್ನು ಪಟ್ಟಿ ಲೆಕ್ಕಕ್ಕೇ ತೆಗೆದುಕೊಳ್ಳದ ಮೂರು ವಿಷಯ ನಮ್ಮ ಮನೆಗಳಲ್ಲಿ ಜಾಸ್ತಿ.

ಮೊದಲನೆಯದು ತೂತು ಮತ್ತು ಬೆಸುಗೆ. ಕಾಸಿನ ಸರಕ್ಕೆ, ಡಾಬಿಗೆ, ಮಗುವಿನ ಉಡಿದಾರಕ್ಕೆ ರೂಪಾಯಿ, ಎಂಟಾಣೆ ಪೋಣಿಸಿದ್ದರು. ಕೊಂಡಿ ಕಿತ್ತು ಉಜ್ಜಿ ಮರೆಮಾಚಿದರೂ ಅಂಚಿನ ಗೀರುಗಳಲ್ಲಿ ಒಂದು ಕಡೆ ಮೆತ್ತಿದಂತೆ ಕಾಣುತ್ತದೆ. ಇಂತಹ ನಾಣ್ಯಕ್ಕೆ ಪಟ್ಟಿ ಅನ್ವಯಿಸೋದೇ ಇಲ್ಲ. ತಳಬೆಲೆಗೆ ಮಾರುತ್ತಾರೆ. ಎಡವಟ್ಟು ಅಂದರೆ ಫೋಟೊದಲ್ಲಿ ಅಂಚು ಕಾಣಲ್ಲ.

ಎರಡನೆಯದು ತೊಳೆದದ್ದು. ನಾನು ಶುರುವಿನಲ್ಲಿ ಒಂದು ಒಳ್ಳೆಯ ಕಾಲಾಣೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕಿದೆ. ಚೊಂಬು ಬೆಳಗಿದ ಖುಷಿ! ಅಂಗಡಿಯಲ್ಲಿ ತೋರಿಸಿದಾಗ ಅವರು ಗಾಜು ಕೂಡ ತೆಗೆಯಲಿಲ್ಲ. ತಾಮ್ರದ ಮೇಲಿನ ಕಂದು, ಬೆಳ್ಳಿಯ ಮೇಲಿನ ಕಪ್ಪು-ನೀಲಿ ಛಾಯೆ ಕೊಳೆಯಲ್ಲ, ಅದನ್ನು ಟೋನಿಂಗ್ ಅನ್ನುತ್ತಾರೆ. ಸಂಗ್ರಾಹಕರು ಅದಕ್ಕೇ ದುಡ್ಡು ಕೊಡೋದು. ಕುಂಕುಮ, ಜಿಡ್ಡು ಇದ್ದರೆ ಬರೀ ನೀರಿನಲ್ಲಿ ನೆನೆಸಿಟ್ಟು, ಉಜ್ಜದೆ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಅಷ್ಟೇ ಸಾಕು.

ಮೂರನೆಯದು ಹಳೇ ಸೇಟುಗಳು ಪರೀಕ್ಷೆಗೆ ಕೊಟ್ಟ ಸಣ್ಣ ಪೆಟ್ಟಿನ ಗುರುತುಗಳು. ಇದರಿಂದಲೂ ಬೆಲೆ ಇಳಿಯುತ್ತದೆ, ಆದರೆ ತೂತಿನಷ್ಟಲ್ಲ.

4. ಪಟ್ಟಿ ಯಾರದ್ದು, ಯಾವಾಗಿನದ್ದು, ಯಾರಿಗೆ ಅಂತ ಕೇಳಿ

ಮುದ್ರಿತ ಪುಸ್ತಕ. ಅಂಕಿಗಳನ್ನು ಅಚ್ಚಿಗೆ ಹೋಗುವ ಎಷ್ಟೋ ತಿಂಗಳ ಹಿಂದೆ ಕಲೆಹಾಕಿರುತ್ತಾರೆ. ಪುಸ್ತಕ ನಿಮ್ಮ ಕೈಗೆ ಬರುವಷ್ಟರಲ್ಲಿ ಒಂದು ವರ್ಷ ಹಳೆಯದು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದಾದರೆ ಹದಿನೈದು ವರ್ಷವೇ ಹಳೆಯದಿರಬಹುದು. ಬೆಳ್ಳಿ ರೇಟು ಅಷ್ಟರಲ್ಲಿ ಎಲ್ಲಿಂದ ಎಲ್ಲಿಗೆ ಹೋಗಿದೆ! ಹಾಗಂತ ಹಳೇ ಪುಸ್ತಕ ಎಸೆಯಬೇಡಿ. ಫೋಟೊ, ಟಂಕಸಾಲೆ, ಎಷ್ಟು ಅಚ್ಚಾಗಿತ್ತು ಅನ್ನೋ ಸಂಖ್ಯೆ, ಕ್ಯಾಟಲಾಗ್ ನಂಬರ್ ಇವಕ್ಕೆ ವಯಸ್ಸಾಗೋದಿಲ್ಲ. ಕೆಎಂ ಅಂತ ಶುರುವಾಗುವ ನಂಬರ್ ಇದೆಯಲ್ಲ, ಅದು ಕ್ರೌಸ್ ಕ್ಯಾಟಲಾಗಿನದ್ದು. ಜಗತ್ತಿನ ಯಾವ ಮೂಲೆಯ ವ್ಯಾಪಾರಿಗೂ ಆ ನಂಬರ್ ಹೇಳಿದರೆ ಯಾವ ನಾಣ್ಯ ಅಂತ ತಿಳಿಯುತ್ತದೆ. ನಂಬರ್ ಬರೆದುಕೊಳ್ಳಿ, ಪಕ್ಕದ ಬೆಲೆಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ.

ಪಟ್ಟಿಯನ್ನು ಹೋಲಿಕೆಗೆ ಹೇಗೆ ಬಳಸೋದು ಅಂದರೆ ಹೀಗೆ. ನಿಮ್ಮ ಬಳಿ 1919 ಮತ್ತು ಇನ್ನೊಂದು ಇಸವಿಯ ರೂಪಾಯಿ ಇದೆ ಅಂದುಕೊಳ್ಳಿ. ಹಳೇ ಪುಸ್ತಕದಲ್ಲಿ ಒಂದೇ ಗ್ರೇಡಿನಲ್ಲಿ ಎರಡನೆಯದ್ದು 1919ರ ಮೂರು ಪಟ್ಟು ಅಂತ ಇದೆ. ಇವತ್ತು 1919ಕ್ಕೆ ನಿಜವಾಗಿ ಏನು ನಡೆಯುತ್ತಿದೆ ಅಂತ ಅಂಗಡಿಯಲ್ಲಿ ತಿಳಿದುಕೊಳ್ಳಿ. ಅದು ಕೋಟಿಗಟ್ಟಲೆ ಅಚ್ಚಾದ ಇಸವಿ, ಎಲ್ಲ ಅಂಗಡಿಯಲ್ಲೂ ಇರುತ್ತದೆ, ಬೆಲೆ ತಿಳಿಯೋದು ಸುಲಭ. ಅದರ ಮೂರು ಪಟ್ಟಿನ ಸುತ್ತ ನಿಮ್ಮ ಎರಡನೇ ನಾಣ್ಯ ನಿಲ್ಲುತ್ತದೆ. ರೇಟು ಹಳೆಯದಾದರೂ ಆ ಮೂರು ಪಟ್ಟು ಅಷ್ಟು ಬೇಗ ಹಳೆಯದಾಗಲ್ಲ. ಒಂದು ತಿದ್ದುಪಡಿ: ಬೆಳ್ಳಿ ತುಂಬಾ ಏರಿದಾಗ ಸಾಮಾನ್ಯ ನಾಣ್ಯ ಬೆಳ್ಳಿಯ ಜೊತೆ ಏರುತ್ತದೆ, ಅಪರೂಪದ್ದು ಅಷ್ಟು ಏರಲ್ಲ. ಆಗ ಮೂರು ಪಟ್ಟು ಎರಡಕ್ಕೆ ಇಳಿದಿರಬಹುದು.

ಗ್ರೇಡಿಂಗ್ ಕಂಪನಿಗಳ ಪಟ್ಟಿ. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಅಮೆರಿಕದಲ್ಲಿ ಶುರುವಾದವು. ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅಂತ ಹೆಸರು. ಅವರ ಪಟ್ಟಿಯ ದೊಡ್ಡ ಅಂಕಿಗಳನ್ನು ಡಬ್ಬಿಯಲ್ಲಿರುವ ನಾಣ್ಯಕ್ಕೆ ಅಂತ ಓದಿ. ನಿಮ್ಮ ಬಿಡಿ ನಾಣ್ಯವನ್ನು ಅದರ ಪಕ್ಕ ಇಟ್ಟು ನೋಡಬೇಡಿ. ಹಾಗಾದರೆ ನಾವೂ ಸ್ಲ್ಯಾಬ್ ಮಾಡಿಸೋಣ ಅಂತೀರಾ? 1919ರ ಸವೆದ ರೂಪಾಯಿಗೆ ಶುಲ್ಕವೇ ನಾಣ್ಯಕ್ಕಿಂತ ಜಾಸ್ತಿ ಆದೀತು. ಸ್ಲ್ಯಾಬ್ ಕೊಳ್ಳುವಾಗ ಡಬ್ಬಿಯ ಮೇಲಿನ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಫೋಟೊ ಇದ್ದರೆ ಹೋಲಿಸಿ. ಡಬ್ಬಿಯನ್ನೂ ನಕಲು ಮಾಡುತ್ತಾರೆ.

ಬಳಕೆದಾರರೇ ಕಟ್ಟಿದ ಕ್ಯಾಟಲಾಗ್. ನ್ಯೂಮಿಸ್ಟಾ ಅನ್ನೋ ವೆಬ್‌ಸೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಗುರುತಿಸೋಕೆ ತುಂಬಾ ಉಪಯೋಗ, ನಾನೂ ದಿನಾ ತೆರೆಯುತ್ತೇನೆ. ಅಲ್ಲಿ 0ಯಿಂದ 100ರವರೆಗೆ ಅಪರೂಪದ ಅಂಕ ಇರುತ್ತದೆ. ಅದು ಬೆಲೆಯಲ್ಲ. ಅಲ್ಲಿನ ಸದಸ್ಯರ ಸಂಗ್ರಹದಲ್ಲಿ ಆ ನಾಣ್ಯ ಎಷ್ಟು ಕಡಿಮೆ ಇದೆ ಅನ್ನೋದರ ಲೆಕ್ಕ. ಯಾರಿಗೂ ಬೇಡದ ನಾಣ್ಯವೂ ಅಪರೂಪ ಇರಬಹುದು, ಅಲ್ವಾ?

ಡಾಲರ್ ಬೆಲೆಗಳ ಬಗ್ಗೆ ಒಂದು ಮಾತು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹೋದ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಕನಸು ಕಾಣಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂದಮೇಲೆ ಅಲ್ಲಿನ ಗಿರಾಕಿ ನಿಮ್ಮ ಗಿರಾಕಿ ಆಗೋದೇ ಇಲ್ಲ. ಇಲ್ಲಿಯ ನಾಣ್ಯಕ್ಕೆ ಇಲ್ಲಿಯ ಬೆಲೆ.

5. ಕೇಳುವ ಬೆಲೆ ಬಿಡಿ, ಹೋದ ಬೆಲೆ ಹಿಡಿಯಿರಿ

ಆನ್‌ಲೈನ್ ಅಂಗಡಿಯಲ್ಲಿ ಒಬ್ಬ 50,000 ಅಂತ ಹಾಕಿದ್ದಾನೆ. ಅದು ಅವನ ಆಸೆ. ಎರಡು ವರ್ಷದಿಂದ ಅದೇ ಫೋಟೊ ಅಲ್ಲೇ ಕೂತಿದ್ದರೆ, ಆ ಬೆಲೆಗೆ ಯಾರೂ ಕೊಳ್ಳಲಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ ನೋಡಿ. ನಮ್ಮ ದೇಶದ ಹರಾಜು ಸಂಸ್ಥೆಗಳೂ ಹರಾಜು ಮುಗಿದ ಮೇಲೆ ಯಾವುದು ಎಷ್ಟಕ್ಕೆ ಹೋಯಿತು ಅಂತ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ನಿಮ್ಮದೇ ಇಸವಿ, ನಿಮ್ಮದೇ ಟಂಕಸಾಲೆ, ನಿಮ್ಮದೇ ಗ್ರೇಡಿನ ಕನಿಷ್ಠ ಮೂರು ಮಾರಾಟ ಹುಡುಕಿ. ಎಲ್ಲಕ್ಕಿಂತ ಜಾಸ್ತಿ ಹೋದದ್ದನ್ನು ಬಿಟ್ಟುಬಿಡಿ. ಆ ದಿನ ಇಬ್ಬರು ಹಠಕ್ಕೆ ಬಿದ್ದಿರಬಹುದು.

ಹರಾಜಿನ ಅಂಕಿ ಓದುವಾಗ ಒಂದು ಹುಷಾರು. ಸುತ್ತಿಗೆ ಬಿದ್ದಾಗಿನ ಬೆಲೆಗೆ ಹ್ಯಾಮರ್ ಬೆಲೆ ಅನ್ನುತ್ತಾರೆ. ಕೊಂಡವರು ಅದರ ಮೇಲೆ ಸಂಸ್ಥೆಯ ಪ್ರೀಮಿಯಂ, ತೆರಿಗೆ ಕಟ್ಟುತ್ತಾರೆ. ಮಾರಿದವರಿಗೆ ಅದರಿಂದ ಕಮಿಷನ್ ಕಡಿದುಕೊಂಡು ಕೊಡುತ್ತಾರೆ. ಲೆಕ್ಕಕ್ಕೆ ಎರಡು ಕಡೆಯೂ ನೂರಕ್ಕೆ 15 ಅಂತ ಇಟ್ಟುಕೊಂಡರೆ, 10,000ಕ್ಕೆ ಹೋದ ನಾಣ್ಯಕ್ಕೆ ಕೊಂಡವರು ತೆರಿಗೆ ಬಿಟ್ಟು 11,500 ಕೊಟ್ಟರು, ಮಾರಿದವರ ಕೈಗೆ ಬಂದದ್ದು 8,500. ಒಂದೇ ನಾಣ್ಯ, ಒಂದೇ ದಿನ, ಮೂರು ಬೆಲೆ. ವೆಬ್‌ಸೈಟಿನಲ್ಲಿ ಇರೋದು ಇದರಲ್ಲಿ ಯಾವುದು ಅಂತ ಕೆಳಗಿನ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಿ.

ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಕೆ.ಜಿ. ರಸ್ತೆಯ ಶಿಕ್ಷಕರ ಸದನದಂತಹ ಕಡೆ ಆಗಾಗ ನಾಣ್ಯ ಪ್ರದರ್ಶನ ನಡೆಯುತ್ತದೆ. ಊರೂರಿನ ವ್ಯಾಪಾರಿಗಳು ಮೇಜು ಹಾಕಿಕೊಂಡು ಕೂತಿರುತ್ತಾರೆ. ಕೊಳ್ಳೋಕೆ ಹೋಗಬೇಡಿ, ಮೊದಲ ಸಲ ಸುಮ್ನೆ ಸುತ್ತಾಡಿ. ನಿಮ್ಮ ಬಳಿ ಇರುವ ತರದ್ದೇ ನಾಣ್ಯವನ್ನು ನಾಲ್ಕು ಮೇಜಿನಲ್ಲಿ ತೋರಿಸಿ ಕೇಳಿ. ನಾಲ್ಕು ಉತ್ತರ ಬರುತ್ತದೆ. ಕೊನೆಯ ದಿನ ಸಂಜೆ, ಗಂಟು ಕಟ್ಟುವ ಹೊತ್ತಿಗೆ ಹೋಗಿ ಮತ್ತೆ ಕೇಳಿ. ಅದು ಬೇರೆಯೇ ಉತ್ತರ.

6. ಮಾರೋಕೆ ಹೋದರೆ ಪಟ್ಟಿಯ ಬೆಲೆ ಕೇಳಬೇಡಿ

ಬಹುತೇಕ ಪಟ್ಟಿಗಳು ಚಿಲ್ಲರೆ ಬೆಲೆ ಹೇಳುತ್ತವೆ, ಅಂದರೆ ಸಂಗ್ರಾಹಕ ಅಂಗಡಿಯಲ್ಲಿ ಕೊಡುವ ಬೆಲೆ. ನೀವು ಮಾರುವಾಗ ಕೌಂಟರಿನ ಈಚೆ ಕಡೆ ಇರುತ್ತೀರಿ. ಅಂಗಡಿಯವರು ಬಾಡಿಗೆ ಕಟ್ಟಬೇಕು, ಆ ನಾಣ್ಯ ಎರಡು ವರ್ಷ ಗಲ್ಲಾಪೆಟ್ಟಿಗೆ ಪಕ್ಕ ಕೂತರೂ ಕಾಯಬೇಕು. ಪಟ್ಟಿಯ ಅರ್ಧ ಹೇಳಿದರೆ ಅದನ್ನು ಮೋಸ ಅಂತ ನಾನು ಕರೆಯಲ್ಲ. ಬೇಗ ಓಡುವ ನಾಣ್ಯಕ್ಕೆ ಜಾಸ್ತಿ ಕೊಡುತ್ತಾರೆ, ಓಡದ್ದಕ್ಕೆ ಕಡಿಮೆ. ತಳಬೆಲೆಗಿಂತ ಕೆಳಗೆ ಹೇಳಿದರೆ ಮಾತ್ರ ಎದ್ದು ಬನ್ನಿ. ಎರಡನೇ ಹಂತದಲ್ಲಿ ಬರೆದಿಟ್ಟ ಅಂಕಿ ಕೆಲಸಕ್ಕೆ ಬರೋದು ಇಲ್ಲಿ.

7. ನಮ್ಮ ಕಡೆಯ ಹಳೇ ನಾಣ್ಯಕ್ಕೆ ಪಟ್ಟಿ ಬಹುಪಾಲು ಕೈಕೊಡುತ್ತದೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರದಲ್ಲಿ ಅಚ್ಚಾದ ನಾಣ್ಯಕ್ಕೆ. ವಿಜಯನಗರದ ವರಾಹ, ಕಂಠೀರಾಯಿ ಹಣ ಅನ್ನೋ ಪುಟ್ಟ ಚಿನ್ನದ ನಾಣ್ಯ, ಟಿಪ್ಪುವಿನ ಆನೆ ಪೈಸೆ, ಮೂರನೇ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಇವೆಲ್ಲ ಕೈಯಿಂದ ಅಚ್ಚು ಹೊಡೆದದ್ದು. ಒಂದು ಇನ್ನೊಂದರ ತರ ಇರೋದಿಲ್ಲ. ಇವಕ್ಕೆ ಎಫ್, ವಿಎಫ್ ಕಾಲಂ ಹಾಕೋದು ಮನೆಯಲ್ಲಿ ತಟ್ಟಿದ ರೊಟ್ಟಿಗೆ ಸ್ಕೇಲ್ ಹಿಡಿದ ಹಾಗೆ.

ಟಿಪ್ಪು ಪೈಸೆಯನ್ನೇ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಒಂದು ಸಾಲು, ಒಂದು ಬೆಲೆ. ನಿಜದಲ್ಲಿ ಗಿರಾಕಿ ನೋಡೋದು ಬೇರೆ. ಆನೆ ಪೂರ್ತಿ ಇದೆಯಾ, ಸೊಂಡಿಲು ಅಂಚಿನಿಂದ ಹೊರಗೆ ಹೋಗಿದೆಯಾ, ಮುಖ ಎಡಕ್ಕಾ ಬಲಕ್ಕಾ, ಟಂಕಸಾಲೆಯ ಹೆಸರು ಓದೋಕೆ ಬರುತ್ತದೆಯಾ, ಅದು ಪಟ್ಟಣ ಅಂದರೆ ಶ್ರೀರಂಗಪಟ್ಟಣವಾ ಅಥವಾ ನಗರ ಅಂದರೆ ಬಿದನೂರಾ, ಇಸವಿ ಇದೆಯಾ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಅನ್ನೋ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಇದು ಗೊತ್ತಿಲ್ಲದೆ ತಪ್ಪು ಸಾಲು ಹಿಡಿಯುವವರು ಜಾಸ್ತಿ. ಅಚ್ಚು ನಡುವೆ ಬಿದ್ದ ಒಂದು ಪೈಸೆಗೂ, ಅರ್ಧ ಆನೆ ಮಾತ್ರ ಇರುವ ಅದೇ ಪೈಸೆಗೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಸವೆತ ಎರಡಕ್ಕೂ ಒಂದೇ ಇದ್ದರೂ!

ಕಂಠೀರಾಯಿ ಹಣದ್ದು ಇನ್ನೊಂದು ಕಥೆ. ಅರ್ಧ ಗ್ರಾಂ ಕೂಡ ಇಲ್ಲದ ಚಿನ್ನದ ಚುಕ್ಕೆ, ಉಗುರಿನ ಮೇಲೆ ಇಟ್ಟರೆ ಕಳೆದುಹೋಗುತ್ತದೆ. ಒಂದು ಕಡೆ ನರಸಿಂಹ. ಹೆಸರು ಬಂದದ್ದು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರಿಂದ. ಆಮೇಲೂ ಅದೇ ಹೆಸರಿನಲ್ಲಿ, ಅದೇ ಮಾದರಿಯಲ್ಲಿ ಹಣ ಹೊಡೆದಿದ್ದಾರೆ. ಹೆಸರು ಒಂದೇ ಅಂತ ರಾಜನ ಕಾಲದ ಬೆಲೆ ಹೇಳಬೇಡಿ. ಈ ವರ್ಗದ ನಾಣ್ಯಕ್ಕೆ ಪಟ್ಟಿ ಮುಚ್ಚಿಡಿ, ಹರಾಜಿನ ಫೋಟೊಗಳನ್ನು ಬಿಚ್ಚಿಡಿ. ನಿಮ್ಮದರ ಪಕ್ಕ ಇಟ್ಟು ಕಣ್ಣಿನಲ್ಲೇ ಹೋಲಿಸಬೇಕು. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಸಲಿ ಹಳೇ ನಾಣ್ಯ ನೋಡಿಕೊಂಡು ಬಂದರೆ ಕಣ್ಣು ಪಳಗುತ್ತದೆ.

8. ಬೆಲೆ ಜಾಸ್ತಿ ಇದ್ದರೆ ಮೊದಲು ನಕಲಿ ಅಂದುಕೊಳ್ಳಿ

ಪಟ್ಟಿಯಲ್ಲಿ ಒಂದು ಇಸವಿಗೆ ಪಕ್ಕದ ಇಸವಿಗಿಂತ ತುಂಬಾ ಜಾಸ್ತಿ ಬೆಲೆ ಕಂಡರೆ, ಅದನ್ನು ನಕಲಿ ಮಾಡುವವರೂ ಅದೇ ಪಟ್ಟಿ ಓದಿದ್ದಾರೆ ಅಂತ ತಿಳಿಯಿರಿ. ಆರನೇ ಜಾರ್ಜ್‌ನ 1939ರ ರೂಪಾಯಿ ಇದಕ್ಕೆ ಹೆಸರುವಾಸಿ. 1938ರ ಕೊನೆಯ 8ನ್ನು ಕೆತ್ತಿ 9 ಮಾಡುತ್ತಾರೆ. ಗಾಜಿನಲ್ಲಿ ಕೊನೆಯ ಅಂಕಿಯ ಸುತ್ತ ಮಾತ್ರ ನೆಲ ಒರಟಾಗಿದೆಯಾ, ಉಳಿದ ಮೂರು ಅಂಕಿಯಷ್ಟೇ ಎತ್ತರ ಇದೆಯಾ ನೋಡಿ.

1911ರ ರೂಪಾಯಿಯದ್ದು ತಮಾಷೆ. ರಾಜನ ಹಾರದಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಅಂತ ಗಲಾಟೆಯಾಗಿ, 1912ರಲ್ಲಿ ಆನೆಯನ್ನು ತಿದ್ದಿದರು. ಹಾಗಾಗಿ ಇದಕ್ಕೆ ಹಂದಿ ರೂಪಾಯಿ ಅಂತಲೇ ಹೆಸರು. ಕಥೆ ಚೆನ್ನಾಗಿದೆ, ಉಳಿದ ಇಸವಿಗಿಂತ ಬೆಲೆಯೂ ಹೆಚ್ಚು. ಆದರೆ ಲಕ್ಷಗಟ್ಟಲೆ ಬೆಲೆಯ ನಾಣ್ಯ ಅಲ್ಲ. ಕಥೆಗೆ ದುಡ್ಡು ಕೊಡಬೇಡಿ, ನಾಣ್ಯಕ್ಕೆ ಕೊಡಿ.

ಇನ್ನು ಸಂಡೇ ಬಜಾರಿನಲ್ಲಿ ಬಟ್ಟೆ ಹಾಸಿ ಮಾರುವ, 1818 ಅಂತ ಇಸವಿ ಇರುವ, ರಾಮ ಸೀತೆ ಹನುಮಂತರ ಚಿತ್ರದ "ಈಸ್ಟ್ ಇಂಡಿಯಾ ಕಂಪನಿ" ನಾಣ್ಯಗಳು. ಕಂಪನಿ ಅಂತಹ ನಾಣ್ಯವನ್ನು ಅಚ್ಚು ಹಾಕಲೇ ಇಲ್ಲ. ಯಾವ ಸರಿಯಾದ ಕ್ಯಾಟಲಾಗಿನಲ್ಲೂ ಅದು ಚಲಾವಣೆಯ ನಾಣ್ಯವಾಗಿ ಸಿಗಲ್ಲ. ದೇವರ ಮನೆಯಲ್ಲಿ ಇಡೋಕೆ ಬೇಕಿದ್ದರೆ ಕೊಳ್ಳಿ, ನಾಣ್ಯ ಅಂತ ಬೇಡ. ಅಕ್ಕಿಕಾಳನ್ನು ತನ್ನ ಕಡೆ ಎಳೆದುಕೊಳ್ಳುವ ತಾಮ್ರದ ನಾಣ್ಯ ಇದೆ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ.

ವೈಷ್ಣೋದೇವಿ ಚಿತ್ರದ 5, 10 ರೂಪಾಯಿ ನಾಣ್ಯ, 1964ರ ನೆಹರೂ ರೂಪಾಯಿ, 1985ರ ಇಂದಿರಾ ಗಾಂಧಿ 5 ರೂಪಾಯಿ ಇವಕ್ಕೆ ಲಕ್ಷ ಕೊಡುತ್ತೇವೆ ಅಂತ ಫೋನ್ ಬಂದರೂ ಹಾಗೇ ಮಾಡಿ. ಇವೆಲ್ಲ ಚಲಾವಣೆಗೆ ಅಂತ ರಾಶಿ ರಾಶಿ ಅಚ್ಚಾದವು. ಆ ಕರೆಯ ಕೊನೆಯಲ್ಲಿ "ನೋಂದಣಿ ಶುಲ್ಕ" ಕೇಳುತ್ತಾರೆ, ಕೆಲವರು ರಿಸರ್ವ್ ಬ್ಯಾಂಕ್ ಹೆಸರೂ ಹೇಳುತ್ತಾರೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ವತಃ ಪ್ರಕಟಣೆ ಕೊಟ್ಟು, ಹಳೇ ನೋಟು ನಾಣ್ಯದ ವ್ಯವಹಾರಕ್ಕೆ ನಾವು ಯಾವ ಶುಲ್ಕ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿದೆ. ಮಾರುವವರು ಮುಂಗಡ ಕಟ್ಟುವ ವ್ಯಾಪಾರ ಎಲ್ಲಾದರೂ ಉಂಟಾ?

ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿದ ನಾಣ್ಯ ಇದ್ದರೆ ಈ ಲೇಖನದ ಯಾವ ಹಂತವೂ ಅದಕ್ಕೆ ಅಲ್ಲ. ಅದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

9. ನಿಮ್ಮದೇ ಪಟ್ಟಿ ಶುರು ಮಾಡಿ

ಮೊದಲು ಹೇಳಿದ ನೋಟ್‌ಬುಕ್ ಇದಕ್ಕೇ. ಒಂದು ನಾಣ್ಯಕ್ಕೆ ಒಂದು ಪುಟ. ಮೇಲೆ ಕ್ಯಾಟಲಾಗ್ ನಂಬರ್, ತೂಕ, ನೀವು ಕಟ್ಟಿದ ಗ್ರೇಡ್, ತೂತು-ಬೆಸುಗೆ ಇದ್ದರೆ ಅದು. ಕೆಳಗೆ ತಾರೀಕು ಹಾಕಿ ಒಂದೊಂದೇ ಸಾಲು: ಆ ದಿನದ ಬೆಳ್ಳಿ ರೇಟು, ಎಲ್ಲಿ ನೋಡಿದ್ದು, ಕೇಳಿದ್ದು ಎಷ್ಟು, ಹೋದದ್ದು ಎಷ್ಟು. ಕೇಳಿದ್ದನ್ನು ಪೆನ್ಸಿಲಿನಲ್ಲಿ, ಹೋದದ್ದನ್ನು ಪೆನ್ನಿನಲ್ಲಿ ಬರೆಯಿರಿ. ನನ್ನ 1919ರ ಪುಟದಲ್ಲಿ ಪೆನ್ಸಿಲ್ ಸಾಲು ಮೂವತ್ತು ದಾಟಿವೆ, ಪೆನ್ನಿನದ್ದು ಒಂಬತ್ತು. ಬೆಲೆ ಹೇಳುವಾಗ ನಾನು ಆ ಒಂಬತ್ತನ್ನು ಮಾತ್ರ ನೋಡುತ್ತೇನೆ.